ಪುಟ್ಟ ಕ್ಯಾಮೆರಾ, ನಾಲ್ಕು ಫೋಟೋ

"ಫೋನ್ ಇರೋವಾಗ ಕ್ಯಾಮೆರಾ ಯಾಕೋ?"

ಕಳೆದ ಎರಡು ತಿಂಗಳಲ್ಲಿ ಈ ಪ್ರಶ್ನೆಯನ್ನು ರೂಮ್‌ಮೇಟ್ ಕೇಳಿದ, ಅಮ್ಮ ಕೇಳಿದರು, ಮೆಸ್‌ನಲ್ಲಿ ಚಪಾತಿ ಬಡಿಸುವ ಅಣ್ಣ ಕೂಡ ಕೇಳಿದರು. ಪ್ರಶ್ನೆ ಸರಿಯಾಗೇ ಇದೆ. ಜೇಬಲ್ಲಿ ಒಳ್ಳೆಯ ಫೋನ್ ಇದೆ, ಅದರ ಹಿಂದೆ ಮೂರು ಲೆನ್ಸ್ ಇವೆ. ಆದರೂ ಯಾಕೆ ಇನ್ನೊಂದು ಡಬ್ಬ? ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳೋದಕ್ಕಿಂತ ಇಲ್ಲೇ ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಕ್ಯಾಮೆರಾ ಸೋನಿ ಆರ್‌ಎಕ್ಸ್100, ಮೊದಲನೇ ಮಾಡೆಲ್. 2012ರಲ್ಲಿ ಬಂದದ್ದು. ಫೈನಲ್ ಇಯರ್ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ಕ್ಯಾಮೆರಾ ಹಳೇದು, ನನಗೆ ಹೊಸದು. ಬ್ಯಾಟರಿ, ಕಾರ್ಡ್ ಸೇರಿ 240 ಗ್ರಾಂ. ಜೀನ್ಸ್ ಜೇಬಲ್ಲಿ ಹಿಡಿಸುತ್ತೆ, ಕೂತಾಗ ಮಾತ್ರ ಸ್ವಲ್ಪ ಚುಚ್ಚುತ್ತೆ. ಟಚ್ ಸ್ಕ್ರೀನ್ ಇಲ್ಲ. ಮೊದಲ ವಾರ ನನ್ನ ಕೈಯಿಂದ ತಗೊಂಡವರೆಲ್ಲ ಸ್ಕ್ರೀನ್ ಮೇಲೆ ಬೆರಳಿಟ್ಟು ಜೂಮ್ ಮಾಡೋಕೆ ನೋಡಿದರು.

ಇದರ ಸೆನ್ಸರನ್ನು 'ಒಂದು ಇಂಚಿನ ಸೆನ್ಸರ್' ಅಂತಾರೆ. ಸ್ಕೇಲ್ ಇಟ್ಟು ಅಳೆದರೆ ಎಲ್ಲೂ ಒಂದು ಇಂಚು ಸಿಗಲ್ಲ. ಉದ್ದ 13.2, ಅಗಲ 8.8 ಮಿಲಿಮೀಟರ್, ಕರ್ಣ ಸುಮಾರು 16. ಹಳೇ ಕಾಲದ ಟಿವಿ ಕ್ಯಾಮೆರಾಗಳ ಟ್ಯೂಬಿನ ಹೊರಗಿನ ವ್ಯಾಸ ನೋಡಿ ಅಳತೆ ಹೇಳುತ್ತಿದ್ದರಂತೆ, ಟ್ಯೂಬ್ ಹೋದರೂ ಹೆಸರು ಉಳಿದಿದೆ. ವಿಸ್ತೀರ್ಣ ಲೆಕ್ಕ ಹಾಕಿ: 116 ಚದರ ಮಿ.ಮೀ. ಸಾಮಾನ್ಯ ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾದ ಸೆನ್ಸರ್ ಸುಮಾರು 28. ಅಂದರೆ ನಾಲ್ಕು ಪಟ್ಟು ದೊಡ್ಡ ಬಕೆಟ್, ಬೆಳಕು ಹಿಡಿಯೋಕೆ.

ಲೆನ್ಸ್ ಬಗ್ಗೆಯೂ ಒಂದು ಲೆಕ್ಕ. ವೈಡ್‌ನಲ್ಲಿ ಅಪರ್ಚರ್ ಎಫ್/1.8, ಪೂರ್ತಿ ಜೂಮ್ ಮಾಡಿದರೆ ಎಫ್/4.9. 4.9 ಭಾಗಿಸು 1.8, ಅದರ ವರ್ಗ: 7.4. ಜೂಮ್ ಮಾಡಿದ ತಕ್ಷಣ ಸೆನ್ಸರ್ ಮೇಲೆ ಬೀಳೋ ಬೆಳಕು ಏಳನೇ ಒಂದು ಭಾಗಕ್ಕೆ ಇಳಿಯುತ್ತೆ. ಇದು ಗೊತ್ತಾದ ಮೇಲೆ ನಾನು ರಾತ್ರಿ ಹೊತ್ತು ಜೂಮ್ ಮುಟ್ಟೋದೇ ಇಲ್ಲ. ಹತ್ತಿರ ಬೇಕಾದರೆ ನಾಲ್ಕು ಹೆಜ್ಜೆ ಮುಂದೆ ನಡೀತೀನಿ.

ಲೆಕ್ಕ ಸಾಕು. ಫೋಟೋಗಳಿಗೆ ಬರೋಣ.

ಚಿತ್ರ 1: ಹಾಸ್ಟೆಲ್ ಕಾರಿಡಾರ್, ರಾತ್ರಿ 11.40
ಎಫ್/1.8, 1/50 ಸೆಕೆಂಡ್, ಐಎಸ್ಒ 800

ಮೂರನೇ ಫ್ಲೋರ್. ಒಂದೇ ಒಂದು ಟ್ಯೂಬ್‌ಲೈಟ್, ಅದರ ಕೆಳಗೆ ಗೋಡೆಗೆ ಒರಗಿ ಲ್ಯಾಬ್ ರೆಕಾರ್ಡ್ ಬರೀತಾ ಕೂತ ನಮ್ಮ ಕ್ಲಾಸಿನ ಹುಡುಗ. ಆಚೆ ಸಾಲಾಗಿ ಬಕೆಟ್‌ಗಳು, ಒಣಗೋಕೆ ಹಾಕಿದ ಟವೆಲ್, ಅದರಾಚೆ ಕತ್ತಲು. ಅದೇ ಜಾಗದಲ್ಲಿ ನಿಂತು ಫೋನಲ್ಲೂ ತೆಗೆದೆ. ಫೋನು ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸಿ, ಕತ್ತಲಿದ್ದ ಕಡೆಯೆಲ್ಲ ಎತ್ತಿ, ಸಂಜೆ ಐದು ಗಂಟೆ ಮಾಡಿ ಕೊಟ್ಟಿತು. ಬಕೆಟ್ ಮೇಲೆ ಬರೆದ ರೂಮ್ ನಂಬರ್ ಓದಬಹುದು. ತಾಂತ್ರಿಕವಾಗಿ ಅದೇ 'ಉತ್ತಮ' ಫೋಟೋ, ಒಪ್ಪಿಕೊಳ್ತೀನಿ. ಆದರೆ ಹನ್ನೊಂದೂ ಮುಕ್ಕಾಲಿಗೆ, ನಾಳೆ ಸಬ್‌ಮಿಷನ್ ಇರೋವಾಗ, ಆ ಕಾರಿಡಾರ್ ಹೇಗಿರುತ್ತೆ ಅಂತ ನಿಮಗೆಲ್ಲ ಗೊತ್ತು. ಹಾಗೆ ಇರೋದು ಕ್ಯಾಮೆರಾದ ಫೋಟೋದಲ್ಲಿ.

ಚಿತ್ರ 2: ಟಿಟಿ ರೂಮ್, ಎರಡು ಫ್ರೇಮ್
ಎಫ್/1.8, 1/500 ಸೆಕೆಂಡ್, ಐಎಸ್ಒ 3200

ಇದು ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ. ಚೆಂಡು ಗಾಳಿಯಲ್ಲಿ ನಿಲ್ಲಲಿ ಅಂತ ಶಟರ್ ಸ್ಪೀಡ್ ಏರಿಸಿ ಒಂದೇ ಸಮ ಕ್ಲಿಕ್ ಮಾಡಿದೆ. ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಮಂಕಾಗಿ ಸ್ವಲ್ಪ ಹಳದಿ, ಅದರ ಮುಂದಿನದು ಮತ್ತೆ ಬೆಳ್ಳಗೆ. ಸೆಟ್ಟಿಂಗ್ ಒಂದೇ, ಜಾಗ ಒಂದೇ. ಕಾರಣ ನಮ್ಮ 50 ಹರ್ಟ್ಜ್ ಕರೆಂಟು. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಏರಿಳಿಯುತ್ತೆ, ಅಂದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ನನ್ನ ಶಟರ್ ತೆರೆದಿರೋದು ಬರೀ 2 ಮಿಲಿಸೆಕೆಂಡ್. ಆ ಸುತ್ತಿನ ಯಾವ ತುಂಡು ಸಿಗುತ್ತೋ ಅದು ಅದೃಷ್ಟ. 1/100ಕ್ಕೆ ಇಳಿಸಿದರೆ ಒಂದು ಪೂರ್ತಿ ಸುತ್ತು ಸಿಗುತ್ತೆ, ಎಲ್ಲ ಫ್ರೇಮ್ ಒಂದೇ ಥರ ಬರುತ್ತೆ. ಆದರೆ ಚೆಂಡು ಗೆರೆಯಾಗುತ್ತೆ. ಎರಡರಲ್ಲಿ ಒಂದನ್ನು ನಾನೇ ಆರಿಸಬೇಕು. ಸೈನ್ ವೇವ್ ಅನ್ನು ಬೋರ್ಡ್ ಮೇಲೆ ಸಾವಿರ ಸಲ ನೋಡಿದ್ದೆ, ಟಿಟಿ ಟೇಬಲ್ ಮೇಲೆ ನೋಡಿದ್ದು ಇದೇ ಮೊದಲು.

ಚಿತ್ರ 3: ಮೈಸೂರು ದೇವರಾಜ ಮಾರುಕಟ್ಟೆ, ಕುಂಕುಮದ ಗುಡ್ಡೆ
ಎಫ್/4, 1/125 ಸೆಕೆಂಡ್, ಐಎಸ್ಒ 200, ಎಕ್ಸ್‌ಪೋಷರ್ −0.7

ಮೈಸೂರಿಗೆ ಹೋಗಿ ಕ್ಯಾಮೆರಾ ಹಿಡಿದವರೆಲ್ಲ ತೆಗೆಯೋ ಫೋಟೋನೇ ಇದು, ಹೊಸದೇನಲ್ಲ. ಕೋನಾಕಾರದ ಬಣ್ಣದ ಗುಡ್ಡೆಗಳು ಸಾಲಾಗಿ. ಆದರೆ ಕೆಂಪು ಒಂದು ಕಷ್ಟದ ಬಣ್ಣ. ಹಸಿರು, ನೀಲಿ ಚಾನೆಲ್‌ಗಳು ಖಾಲಿ ಇದ್ದರೂ ಕೆಂಪು ಚಾನೆಲ್ ತುಂಬಿ ಚೆಲ್ಲಿಬಿಡುತ್ತೆ. ಆಗ ಕುಂಕುಮದ ಪುಡಿಯ ಕಣ ಕಣ ಹೋಗಿ ಪ್ಲಾಸ್ಟಿಕ್ ಥರ ಒಂದು ಕೆಂಪು ಮುದ್ದೆ ಉಳಿಯುತ್ತೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿದೆ. ಗುಡ್ಡೆಯ ಮೇಲೆ ಚಮಚದ ಗುರುತು ಕಾಣಿಸಿತು. ಅಂಗಡಿಯವರು ಸ್ಕ್ರೀನ್ ನೋಡಿ, "ಇದು ಸರಿಯಾದ ಬಣ್ಣ ಕಣಪ್ಪ" ಅಂದರು. ದಿನವಿಡೀ ಆ ಬಣ್ಣದ ಮುಂದೆ ಕೂರೋರು ಹೇಳಿದ್ದು, ನಾನು ಯಾವ ರಿವ್ಯೂಗಿಂತ ಹೆಚ್ಚು ನಂಬುತ್ತೇನೆ.

ಸರಿಯಾದ ಬಣ್ಣ. ನಾಲ್ಕನೇ ಫೋಟೋದ ಕತೆಯೂ ಅದೇ.

ಚಿತ್ರ 4: ಅಕ್ಕ
ಎಫ್/4, 1/160 ಸೆಕೆಂಡ್, ಐಎಸ್ಒ 125, ಎಕ್ಸ್‌ಪೋಷರ್ +0.7

ಈ ಫೋಟೋ ಇಲ್ಲಿ ಇಲ್ಲ. "ನಿಮ್ಮ ಕಾಲೇಜಿನವರೆಲ್ಲ ನನ್ನ ಮುಖ ನೋಡೋದು ಬೇಡ, ಬೇಕಾದರೆ ವಿಷಯ ಬರಿ" ಅಂದಳು ಅಕ್ಕ. ಅದಕ್ಕೆ ವಿಷಯ ಮಾತ್ರ.

ಮನೆಯಲ್ಲಿ ಅಕ್ಕನಿಗೆ ಗಂಡು ನೋಡ್ತಿದ್ದಾರೆ. ಬಯೋಡೇಟಾ ರೆಡಿ ಆಗಿದೆ, ನಕ್ಷತ್ರ, ಗೋತ್ರ, ಕೆಲಸ ಎಲ್ಲ. ಅದಕ್ಕೆ ಹಾಕಿದ್ದ ಫೋಟೋ ಮನೆಯ ಫೋನಲ್ಲಿ ತೆಗೆದದ್ದು. ಆ ಫೋನಿನಲ್ಲಿ ಮುಖ ನುಣುಪು ಮಾಡೋ ಸೆಟ್ಟಿಂಗ್ ಯಾವಾಗಲೂ ಆನ್ ಇರುತ್ತೆ. ಅಕ್ಕ ನನ್ನ ಹಾಗೇ ಕಪ್ಪು. ಫೋಟೋದಲ್ಲಿರೋ ಹುಡುಗಿ ಗೋಧಿ ಬಣ್ಣ. ಗಲ್ಲದ ಮೇಲೆ ಚಿಕ್ಕಂದಿನಲ್ಲಿ ಸೈಕಲ್‌ನಿಂದ ಬಿದ್ದ ಗುರುತೂ ಇಲ್ಲ. ಅಮ್ಮನಿಗೆ ಆ ಫೋಟೋ ಅಂದರೆ ಬಹಳ ಇಷ್ಟ. "ಲಕ್ಷಣವಾಗಿ ಬಂದಿದೆ" ಅಂತ ಎರಡು ಮನೆಗೆ ಕಳಿಸಿಯೂ ಆಗಿತ್ತು.

ರಜೆಗೆ ಊರಿಗೆ ಹೋದಾಗ ಅಕ್ಕ ಕೇಳಿದಳು: "ಲೋ, ನಿನ್ನ ಕ್ಯಾಮೆರಾದಲ್ಲಿ ನನ್ನದೊಂದು ತೆಗಿ. ನನ್ನ ಥರ ಬರಬೇಕು."

ಬೆಳಿಗ್ಗೆ ಎಂಟು ಗಂಟೆ, ಜಗಲಿ, ನೇರ ಬಿಸಿಲಿಲ್ಲ. ಹಿಂದೆ ಸುಣ್ಣ ಹೊಡೆದ ಬಿಳಿ ಗೋಡೆ. ಎ4 ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಸೆಟ್ ಮಾಡಿ, ಎಕ್ಸ್‌ಪೋಷರ್ ಸೊನ್ನೆಯಲ್ಲಿ ಇಟ್ಟು ಒಂದು ತೆಗೆದೆ. ಗೋಡೆ ಬೂದು ಬಣ್ಣ, ಅಕ್ಕನ ಮುಖ ಇರೋದಕ್ಕಿಂತ ತುಂಬಾ ಕಪ್ಪು. ಅಮ್ಮ ಹಿಂದಿನಿಂದ ಇಣುಕಿ, "ನೋಡು, ಇದಕ್ಕೇ ಹೇಳಿದ್ದು ಫೋನೇ ವಾಸಿ ಅಂತ" ಅಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ 'ಫೋನ್ ಸುಳ್ಳು, ಕ್ಯಾಮೆರಾ ನಿಜ' ಅಂತ ಬರೆದರೆ ಅದು ತಪ್ಪು. ಕ್ಯಾಮೆರಾಕ್ಕೂ ಒಂದು ಪೂರ್ವಗ್ರಹ ಇದೆ. ಅದರ ಮೀಟರ್, ಎದುರಿಗಿರೋ ಎಲ್ಲವನ್ನೂ ಸರಾಸರಿ ಮಾಡಿದರೆ ಮಧ್ಯಮ ಬೂದು ಬರಬೇಕು ಅಂತ ನಂಬಿಕೊಂಡಿದೆ. ಪುಸ್ತಕಗಳಲ್ಲಿ 18% ಬೂದು ಅಂತ ಬರೀತಾರಲ್ಲ, ಅದೇ. ಬಿಳಿ ಗೋಡೆ ಜಾಸ್ತಿ ಇದ್ದರೆ 'ಅಯ್ಯೋ, ಬೆಳಕು ಹೆಚ್ಚಾಯ್ತು' ಅಂತ ಎಲ್ಲವನ್ನೂ ಕಪ್ಪು ಮಾಡುತ್ತೆ. ಗೋಡೆಯ ತಪ್ಪಿಗೆ ಮುಖಕ್ಕೆ ಶಿಕ್ಷೆ. ಇದು ಇವತ್ತಿನ ಸಮಸ್ಯೆಯೂ ಅಲ್ಲ. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ 'ಶರ್ಲಿ ಕಾರ್ಡ್' ಅಂತ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೋ. ಆ ಚರ್ಮ ಚೆನ್ನಾಗಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಕಪ್ಪು ಬಣ್ಣದವರು ಹೇಗೆ ಬರ್ತಾರೆ ಅನ್ನೋದು ಪರೀಕ್ಷೆಯಲ್ಲೇ ಇರಲಿಲ್ಲ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ 'ರಿಯಲ್ ಟೋನ್' ಅಂತ ತಂದದ್ದು ಕಪ್ಪು ಚರ್ಮವೂ ಇರೋ ಹಾಗೇ ಬರಲಿ ಅಂತಲೇ. ಅಂದರೆ ಫೋನ್ ಮಾಡೋರಿಗೂ ಸಮಸ್ಯೆ ಗೊತ್ತಿದೆ.

ವ್ಯತ್ಯಾಸ ಇರೋದು ಇಲ್ಲಿ. ಮನೆಯ ಫೋನು ಅಕ್ಕನ ಮುಖಕ್ಕೆ ಏನು ಮಾಡಿತು, ಎಷ್ಟು ಮಾಡಿತು ಅಂತ ನನಗೆ ಗೊತ್ತಾಗಲ್ಲ. ಕ್ಯಾಮೆರಾ ಎಷ್ಟು ತಪ್ಪು ಮಾಡಿದೆ ಅಂತ ಗೊತ್ತಾಗುತ್ತೆ, ಅದಕ್ಕೆ ಒಂದು ಅಂಕಿ ಇದೆ, ಅದನ್ನು ತಿರುಗಿಸೋಕೆ ಲೆನ್ಸಿನ ಸುತ್ತ ಒಂದು ರಿಂಗ್ ಇದೆ. ಪ್ಲಸ್ 0.3, ಇನ್ನೂ ಕಪ್ಪು. ಪ್ಲಸ್ 0.7, ಅಂದರೆ ಸುಮಾರು 1.6 ಪಟ್ಟು ಬೆಳಕು. ಅಕ್ಕ ತನ್ನ ಕೈಯನ್ನು ಸ್ಕ್ರೀನ್ ಪಕ್ಕ ಹಿಡಿದಳು. ಫೋಟೋದ ಮುಖ, ಎದುರಿಗಿನ ಕೈ, ಎರಡೂ ಒಂದೇ ಬಣ್ಣ. ಪ್ಲಸ್ 1.3 ಮಾಡಿದರೆ ಅಮ್ಮ ಕೇಳಿದ ಬಣ್ಣವೇ ಬರುತ್ತಿತ್ತು, ಒಂದು ಚೂರು ತಿರುಗಿಸಿದರೆ ಸಾಕಿತ್ತು. ನನ್ನ ಬೆರಳು ರಿಂಗ್ ಮೇಲೇ ಇತ್ತು.

"ಇಲ್ಲೇ ನಿಲ್ಲಿಸು" ಅಂದಳು ಅಕ್ಕ.

ಅಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು. "ನಮ್ಮ ಹುಡುಗಿಯೇ ಸರಿ. ಆದರೆ ಕಳಿಸೋ ಫೋಟೋ ಅಲ್ವಾ, ಒಂಚೂರು ಬೆಳ್ಳಗಿದ್ದರೆ ಏನಾಗುತ್ತೆ?"

"ಅವರು ನೋಡೋಕೆ ಬಂದಾಗ ಕಾಫಿ ತಂದು ಕೊಡೋಳು ನಾನೇ ತಾನೇ ಅಮ್ಮ? ಫೋಟೋ ಅಲ್ವಲ್ಲ."

ಅಮ್ಮ ಏನೂ ಹೇಳದೆ ಒಳಗೆ ಹೋದರು. ಒಗ್ಗರಣೆ ಸದ್ದು ಮಾತ್ರ ಸ್ವಲ್ಪ ಜೋರಾಗಿ ಕೇಳಿಸಿತು. ಅಮ್ಮನದೂ ತಪ್ಪು ಅಂತ ಹೇಳೋಕೆ ನನಗೆ ಆಗಲ್ಲ. ಬಣ್ಣದ ಕಾರಣಕ್ಕೆ ಉತ್ತರ ಬರದ ಮನೆಗಳು ಎಷ್ಟು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ಬಯೋಡೇಟಾದಲ್ಲಿರೋದು ಹೊಸ ಫೋಟೋ. ಹಳೇದು ಅಮ್ಮನ ಫೋನಲ್ಲಿ ಇನ್ನೂ ಇದೆ, ಡಿಲೀಟ್ ಮಾಡಿಲ್ಲ. ಹೊಸ ಫೋಟೋ ಕಳಿಸಿದ ಮೇಲೆ ಒಂದು ಮನೆಯವರು ಮಾತಾಡಿದ್ದಾರೆ, ಇನ್ನೊಂದು ಮನೆಯವರಿಂದ ಸುದ್ದಿ ಇಲ್ಲ. ಯಾವುದು ಯಾಕೆ ಅಂತ ಫೋಟೋ ನೋಡಿ ಹೇಳೋಕಾಗಲ್ಲ.

ಹಾಗಾದರೆ ನೀವೂ ಒಂದು ಕಾಂಪ್ಯಾಕ್ಟ್ ಕ್ಯಾಮೆರಾ ತಗೋಬೇಕಾ? ಕಾಲೇಜ್ ಫೆಸ್ಟ್‌ನಲ್ಲಿ ಸ್ಟೇಟಸ್ ಹಾಕೋಕೆ ಅಂತಾದರೆ ಖಂಡಿತ ಬೇಡ, ಫೋನೇ ಬೆಸ್ಟ್. ತೆಗೆದದ್ದನ್ನು ಲ್ಯಾಪ್‌ಟಾಪಿಗೆ ಹಾಕಿ ಆಮೇಲೆ ಕಳಿಸೋ ತಾಳ್ಮೆ ಇರಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಲೆನ್ಸ್ ಸಲೀಸಾಗಿ ಹೊರಗೆ ಬಂದು ಒಳಗೆ ಹೋಗುತ್ತಾ ಅಂತ ಹತ್ತು ಸಲ ಆನ್ ಆಫ್ ಮಾಡಿ ನೋಡಿ. ಬಿಳಿ ಗೋಡೆಯದ್ದೊಂದು ಫೋಟೋ ತೆಗೆದು ಒಳಗೆ ಧೂಳಿನ ಚುಕ್ಕೆ ಇದೆಯಾ ಅಂತಲೂ ನೋಡಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಮಾರೋರನ್ನೇ ಕೇಳಿ.

ಮೂರನೇ ಫ್ಲೋರಿನಲ್ಲಿ ನನ್ನ ರೂಮ್. ಐಡಿ ಕಾರ್ಡಿಗೋ, ಪ್ಲೇಸ್‌ಮೆಂಟ್ ಫಾರ್ಮಿಗೋ, ಮನೆಗೆ ಕಳಿಸೋಕೋ, ನಿಮ್ಮ ಬಣ್ಣದಲ್ಲೇ ಒಂದು ಫೋಟೋ ಬೇಕಿದ್ದರೆ ಬನ್ನಿ. ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಬನ್ನಿ, ಮಧ್ಯಾಹ್ನದ ಬಿಸಿಲಲ್ಲಿ ಬೇಡ. ಪ್ಲಸ್ ಎಷ್ಟು, ಮೈನಸ್ ಎಷ್ಟು ಅಂತ ಸ್ಕ್ರೀನ್ ಪಕ್ಕ ಕೈ ಹಿಡಿದು ನೀವೇ ಹೇಳಬೇಕು.