ಕಣ್ಣು ಕಣ್ಣು ಕೂಡಿದರೆ ಸಾಕೇ?

ನಮ್ಮ ಪ್ರೇಮ ಕಾದಂಬರಿಗಳ ನಾಯಕ ಆರಡಿ ಎತ್ತರ, ಗುಂಗುರು ಕೂದಲಿನವ. ನಾಯಕಿಗೆ ನೀಳ ಜಡೆ. ಮೂರನೆಯ ಪುಟದಲ್ಲಿ ಇಬ್ಬರಿಗೂ ಡಿಕ್ಕಿ. ಪುಸ್ತಕಗಳು ನೆಲಕ್ಕೆ ಬೀಳುತ್ತವೆ, ಇಬ್ಬರೂ ಒಟ್ಟಿಗೇ ಬಗ್ಗುತ್ತಾರೆ, ಕಣ್ಣು ಕಣ್ಣು ಕೂಡುತ್ತವೆ. ಮೈಯಲ್ಲಿ ಮಿಂಚು ಹರಿಯಿತೆಂದು ಲೇಖಕರು ಬರೆದುಬಿಡುತ್ತಾರೆ. ಓದುವ ನಮಗೆ ಮಾತ್ರ ಏನೂ ಹರಿಯುವುದಿಲ್ಲ.

ಪುಣೆಯ ನಮ್ಮ ಮನೆಗೆ ಕನ್ನಡ ಕಾದಂಬರಿ ಬರುವುದು ಧಾರವಾಡದ ಅತ್ತಿಯ ಚೀಲದಲ್ಲಿ, ಹಪ್ಪಳ ಸಂಡಿಗೆಗಳ ನಡುವೆ. ಅವ್ವ ಮೆಂತ್ಯೆಸೊಪ್ಪು ಬಿಡಿಸುತ್ತಾಳೆ, ನಾನು ಓದಿ ಹೇಳುತ್ತೇನೆ. ಡಿಕ್ಕಿಯ ಪ್ರಸಂಗ ಬಂದಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ: "ಅಲ್ಲಾ, ಇವರಿಬ್ಬರನ್ನ ಒಂದು ಖೋಲ್ಯಾಗ ಕೂಡಿಸಿ ಬಾಗಲಾ ಹಾಕಿದ್ರ, ಏನ್ ಮಾತಾಡ್ತಾರ?"

ವಿಮರ್ಶೆಯ ಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಸಿಕ್ಕಿಲ್ಲ. ಬಹಳಷ್ಟು ಜೋಡಿಗಳು ಆ ಖೋಲ್ಯಾಗ ಮೂಕರಾಗಿ ಕುಳಿತುಬಿಡುತ್ತಾರೆ. ಪರಸ್ಪರರ ಚೆಲುವು ಬಿಟ್ಟರೆ ಅವರಿಗೆ ಬೇರೆ ವಿಷಯವೇ ಇಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ನೋಡಿ. ನಾಯಿಗುತ್ತಿಗೆ ತಿಮ್ಮಿಯೇ ಬೇಕು. ಅವಳ ಹಟ್ಟಿಯ ಒಡೆಯರೋ ಅವಳನ್ನು ಬೇರೊಬ್ಬನಿಗೆ ಕೊಡಲು ಹೊರಟಿದ್ದಾರೆ. ಮಳೆ, ಕಾಡು, ಜಿಗಣೆ. ಜೊತೆಗೆ ನಾಯಿ ಹುಲಿಯ. ಇಷ್ಟೆಲ್ಲ ದಾಟಿ ಹೋದವನು ಪ್ರೀತಿಸುತ್ತಾನೆಂದು ಬಾಯಿಬಿಟ್ಟು ಹೇಳಬೇಕೇನು? ಅವನ ಕಾಲುಗಳೇ ಹೇಳುತ್ತವೆ. ಕೊನೆಗೆ ಉಕ್ಕಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋದಾಗ, ಈ ಜೋಡಿ ಒಂದಾಗಲು ತೆತ್ತ ಬೆಲೆ ಎಷ್ಟೆಂದು ನಮಗೆ ಗೊತ್ತಾಗುತ್ತದೆ. ಬೆಲೆ ಕೊಡದ ಪ್ರೀತಿಯನ್ನು ಓದುಗ ಸುಲಭಕ್ಕೆ ನಂಬುವುದಿಲ್ಲ.

ಇನ್ನೊಂದು ಬಗೆಯದು ಭೈರಪ್ಪನವರ 'ವಂಶವೃಕ್ಷ' (1965). ಕಾತ್ಯಾಯನಿ-ರಾಜರ ಪ್ರೀತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವ ಆ ಎಳೆಯ ವಿಧವೆಯನ್ನು ಮುಂದಕ್ಕೆ ಕಾಲೇಜು ಎಳೆದರೆ, ಹಿಂದಕ್ಕೆ ಮಗು ಎಳೆಯುತ್ತದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಜೋಡಿ: ಪ್ರೊಫೆಸರ್ ಸದಾಶಿವರಾಯ ಮತ್ತು ಸಿಂಹಳದಿಂದ ಬಂದ ಸಂಶೋಧಕಿ ಕರುಣರತ್ನೆ. ಇವರ ನಡುವೆ ಮೊದಲು ಇರುವುದು ಇತಿಹಾಸದ ಗ್ರಂಥ. ಅವಳಿಲ್ಲದೆ ಅವನ ಕೆಲಸ ಸಾಗದು; ಆ ಕೆಲಸವಿಲ್ಲದೆ ಅವಳಿಗೂ ಬದುಕು ಸಾಗದು. ಅವ್ವನ ಖೋಲ್ಯಾಗ ಇವರನ್ನು ಕೂಡಿಸಿದರೆ ಬೆಳಗಿನವರೆಗೂ ಮಾತು ಮುಗಿಯುವುದಿಲ್ಲ. ಅದಕ್ಕೇ ಇವರನ್ನು ನಂಬಬೇಕಾಗುತ್ತದೆ. ನಂಬಿದ್ದಕ್ಕೇ ಸಂಕಟವೂ ಆಗುತ್ತದೆ, ಯಾಕೆಂದರೆ ಅಡಿಗೆಮನೆಯಲ್ಲಿ ನಾಗಲಕ್ಷ್ಮಿ ಇದ್ದಾಳೆ. ಕೈಹಿಡಿದ ಹೆಂಡತಿ, ಗಂಡನ ಗ್ರಂಥದೊಳಗೆ ಕಾಲಿಡಲು ಬಾರದವಳು. ಕರುಣರತ್ನೆಯನ್ನು ಬರೀ ಚೆಲುವೆಯಾಗಿ ಮಾಡಿದ್ದರೆ ನಾವು ಸದಾಶಿವರಾಯನನ್ನು ಬೈದು ಪುಸ್ತಕ ಮುಚ್ಚಬಹುದಿತ್ತು. ಲೇಖಕರು ಅಷ್ಟು ಸುಲಭಕ್ಕೆ ನಮ್ಮನ್ನು ಬಿಡಲಿಲ್ಲ.

ಈ ಕಾದಂಬರಿಯ ಇನ್ನೊಂದು ಸೋಜಿಗ ನಮ್ಮ ಪುಣೆಯದೇ. ಇದನ್ನು ಮರಾಠಿಗೆ ತಂದವರು ಇಲ್ಲಿನ ಉಮಾ ಕುಲಕರ್ಣಿ. ಆ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಕೃತಿಯನ್ನು ಓದಿ ಹೇಳುವುದು, ಉಮಾ ಅವರು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುವುದು, ಹೀಗೆ ನಡೆದ ಸಂಸಾರ ಅದು. ವಿರೂಪಾಕ್ಷರು ತಾವೂ ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಿದವರು. ಹಂಚಿಕೊಂಡ ಕೆಲಸವೇ ಕಾದಂಬರಿಯೊಳಗೆ ಒಂದು ಮನೆಯನ್ನು ಒಡೆದರೆ, ಪುಣೆಯಲ್ಲಿ ಒಂದು ಮನೆಯನ್ನು ಬೆಸೆಯಿತು. ಬೆಂಕಿ ಒಂದೇ, ಒಲೆ ಬೇರೆ.

ಇಷ್ಟೆಲ್ಲ ಯೋಚಿಸಲು ಕಾರಣ ನನ್ನ ಅಕ್ಕ. ಪುಣೆಯ ಒಂದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಗಣಿತ ಹೇಳುತ್ತಾಳೆ. ಕಳೆದ ವಾರ ವರ ನೋಡಲು ಬಂದಿದ್ದ. ಹುಬ್ಬಳ್ಳಿಯ ಕಡೆಯವ, ಚಿಂಚವಡದಲ್ಲಿ ನೌಕರಿ. ಅವರು ಹೋದ ರಾತ್ರಿ ಅಕ್ಕ ಕೇಳಿದಳು: "ನೀ ಇಷ್ಟು ಕಾದಂಬರಿ ಓದೀಯಲಾ, ಹೇಳು. ನನಗ ಎದಿ ಏನೂ ಢವಢವ ಅನ್ನಲಿಲ್ಲ. ಹೂಂ ಅನ್ಲೋ, ಬ್ಯಾಡ ಅನ್ಲೋ?"

"ಏನ್ ಮಾತಾಡಿದ್ರಿ?" ಎಂದೆ.

"ಹುಡುಗ್ರಿಗೆ ಭಿನ್ನರಾಶಿ ಹೆಂಗ ತಿಳಿಸ್ತೀರಿ ಅಂತ ಕೇಳಿದ್ರು. ಭಕ್ರಿ ಮುರದು ತೋರಸ್ತೀನಿ ಅಂದೆ. ಅರ್ಧ, ಪಾವು ಸರಿ, ಐದು ಸಮಪಾಲು ಹೆಂಗ್ರೀ ಅಂದ್ರು. ಇಬ್ಬರೂ ಅದನ್ನ ವಿಚಾರ ಮಾಡ್ಕೋತ ಕುಂತ್ವಿ. ಅಷ್ಟರಾಗ ಕಾಕಾ ಒಳಗ ಬಂದ್ರು."

ಹಾಡಿಲ್ಲ, ಮಿಂಚಿಲ್ಲ. ಕಾದಂಬರಿಕಾರರು ಇದನ್ನು ಒಂದು ಸಾಲಿನಲ್ಲಿ ದಾಟಿ ನಿಶ್ಚಯಕಾರ್ಯಕ್ಕೆ ಹೋಗುತ್ತಿದ್ದರೇನೋ. ಆದರೆ ನೋಡಲು ಬಂದ ಉಳಿದವರೆಲ್ಲ ಅವಳಿಗೆ ಕೇಳಿದ್ದು ಪಗಾರ ಎಷ್ಟು, ಅಡಿಗೆ ಬರ್ತದೋ ಎಂದು. ಅವಳ ಕೆಲಸದೊಳಗೆ ಇಣುಕಿ ನೋಡಿದವ ಇವನೊಬ್ಬನೇ.

ನಾನು ಹೂಂ ಅನ್ನು ಎಂದು ಹೇಳಲಿಲ್ಲ. ಅದು ಅವಳ ಬಾಳು. ಐದು ಪಾಲು ಆಯಿತೇನೆಂದು ಇನ್ನೊಮ್ಮೆ ಅವನನ್ನೇ ಕೇಳಿ ಬಾ ಎಂದೆ. ಈ ಭಾನುವಾರ ಸಾರಸಬಾಗಿನಲ್ಲಿ ಭೇಟಿಯಾಗುತ್ತಾರೆ. ಕಾಕಾಗೆ ಬರಬೇಡಿರೆಂದು ಅವ್ವನೇ ಹೇಳಿದ್ದಾಳೆ.