ಖಾನಾಪುರದ ಏರಿನಲ್ಲಿ ನಿಮ್ಮ ಎತ್ತುಗಳು

ಬೆಳಗಾವಿ
ಜೂನ್ 2

ತೀರ್ಥರೂಪ ಅಪ್ಪನವರಿಗೆ,

ಅವ್ವನ ಮೊಣಕಾಲು ನೋವು ಈಗ ಕಡಿಮೆ ಎಂದು ತಮ್ಮ ಹೇಳಿದ, ಸಮಾಧಾನವಾಯಿತು.

ಮೊನ್ನೆ ಫೋನಿನಲ್ಲಿ ನೀವು "ಓಟ ಆತೇನು? ಗೆದ್ದ್ಯಾ?" ಎಂದು ಕೇಳಿದಿರಿ. ಗೆಲ್ಲಲಿಲ್ಲ ಅಪ್ಪಾ. ಖಾನಾಪುರದ ರಸ್ತೆಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡಿ, ಎರಡು ತಾಸು ಒಂಬತ್ತು ನಿಮಿಷಕ್ಕೆ ಮುಗಿಸಿದೆ. ನನಗಿಂತ ಮುಂದೆ ಬಹಳ ಜನ ಇದ್ದರು. ಅಷ್ಟು ಹೇಳಿ ಫೋನ್ ಇಟ್ಟ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಹೇಳಬೇಕಾದದ್ದು ಒಳಗೇ ಉಳಿದುಬಿಟ್ಟಿತು. ಅದಕ್ಕೇ ಈ ಕಾಗದ.

ಬ್ಯಾಂಕಿನ ಕೆಲಸದ ಮೇಲೆ ಏಪ್ರಿಲ್ ಮೊದಲ ವಾರ ಇಲ್ಲಿಗೆ ಬಂದೆನಲ್ಲ, ಆಗ ಎಲ್ಲರೂ "ಬೆಳಗಾವಿ ತಂಪು ಊರು" ಎಂದೇ ಹೇಳಿ ಕಳಿಸಿದ್ದರು. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಊರು ಹೌದು, ಸಂಜೆಗೆ ಘಟ್ಟದ ಕಡೆಯಿಂದ ಗಾಳಿಯೂ ಬರುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನದ ಬಿಸಿಲು ನಮ್ಮ ನವಲಗುಂದದ ಬಿಸಿಲಿನ ಒಡಹುಟ್ಟಿದ್ದು. ಬೆಳಿಗ್ಗೆ ಐದೂಕಾಲಿಗೆ ಎದ್ದು ಟಿಳಕವಾಡಿಯ ವ್ಯಾಕ್ಸಿನ್ ಡಿಪೊಗೆ ಓಡಲು ಹೋಗುತ್ತಿದ್ದೆ. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ದೊಡ್ಡ ದೊಡ್ಡ ಗಿಡಗಳು, ಕೆಳಗೆ ನಡೆಯುವವರು, ಓಡುವವರು, ಒಂದು ಮೂಲೆಯಲ್ಲಿ ನಗೆಕೂಟದ ಹಿರಿಯರು. ಮೊದಲ ಹತ್ತು ದಿನ ನಾಲ್ಕು ಕಿಲೋಮೀಟರಿಗೇ ತಲೆ ಸುತ್ತು ಬರುತ್ತಿತ್ತು. ಆಮೇಲೆ ಮೈ ತಾನೇ ಕಲಿಯಿತು. ಬಿಸಿಲಿಗೆ ಒಗ್ಗಲು ದೇಹಕ್ಕೆ ಹತ್ತು-ಹದಿನಾಲ್ಕು ದಿನ ಬೇಕಂತೆ: ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಬ್ಯಾಸಿಗಿಯಲ್ಲಿ ಮೊದಲ ವಾರ ಹೊಲದ ಕೆಲಸ ಎಂದರೆ ಆಳುಗಳು ಒದ್ದಾಡಿ, ಆಮೇಲೆ ಹಾಡಿಕೊಂಡು ಮಾಡುವುದನ್ನು ನೀವು ನೋಡಿಯೇ ಇದ್ದೀರಿ.

ಅಲ್ಲಿ ನನಗೆ ಗುರುವಾಗಿ ಸಿಕ್ಕವರು ನಿವೃತ್ತ ಸುಬೇದಾರರು. ಇಲ್ಲಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದವರು, ಅರವತ್ತು ದಾಟಿದೆ. ನನ್ನ ಕಾಲು ನೋಡಿ, "ಸಾಹೇಬ್ರ, ನೀವು ಬಯಲಾಗ ಓಡಿದವ್ರು. ಖಾನಾಪುರದ ರಸ್ತೆ ಬಯಲಲ್ಲ" ಎಂದರು. ಪ್ರತಿ ರವಿವಾರ ಯಳ್ಳೂರಿನ ರಾಜಹಂಸಗಡಕ್ಕೆ ಕರೆದೊಯ್ದರು. ಊರು ದಾಟಿದ ಮೇಲೆ ಕೋಟೆಯವರೆಗೂ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಮೊದಲ ಸಲ ಹುರುಪಿನಲ್ಲಿ ಒಂದೇ ಉಸಿರಿಗೆ ಹತ್ತಲು ಹೋದೆ. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಳ್ಳಹತ್ತಿತು, ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅವರು ಬಂದು ಪಕ್ಕದಲ್ಲಿ ನಿಂತು, "ಏರಿನ್ಯಾಗ ಮಾತಾಡಕ ಬರಬೇಕು. ಮಾತು ನಿಂತ್ರ ನಡೀರಿ, ಮಾತು ಬಂದ್ರ ಓಡ್ರಿ" ಎಂದರು.

ಆಗ ನೆನಪಾದದ್ದು ನೀವು. ಬೆಣ್ಣಿಹಳ್ಳದಿಂದ ಹತ್ತಿಯ ಗಾಡಿ ದಂಡೆ ಏರುವಾಗ ನಾನು ಬಾರಕೋಲು ಎತ್ತಿದ್ದೆ, ಆರೇಳು ವರ್ಷದವನಿರಬೇಕು. ನೀವು ಕಸಿದುಕೊಂಡು, "ಏರಿನ್ಯಾಗ ಎತ್ತಿಗೆ ಹೊಡೀಬಾರ್ದು, ಭಾರ ಎಷ್ಟೈತಿ ಅಂತ ಅವಕ್ಕ ಗೊತ್ತೈತಿ. ಇಳಿಜಾರಿನ್ಯಾಗ ಹಗ್ಗ ಬಿಗಿ ಹಿಡಿ" ಎಂದಿರಿ. ಸುಬೇದಾರರಿಗೆ ಇದನ್ನು ಹೇಳಿದೆ. "ನಿಮ್ಮಪ್ಪಾರು ಓಟ ಬಲ್ಲವ್ರು" ಎಂದರು.

ಇನ್ನೊಬ್ಬರ ಕಥೆಯನ್ನೂ ಅವರೇ ಹೇಳಿದರು. ಈ ಊರಿನ ಫಡೆಪ್ಪ ದರೆಪ್ಪ ಚೌಗುಲೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಆಟೋಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ದೊರಾಬ್ಜಿ ಟಾಟಾ ನೋಡಿದರಂತೆ. ಇವರನ್ನು ಒಲಿಂಪಿಕ್ಸಿಗೆ ಕಳಿಸಬಹುದು ಎಂದು ಮುಂದೆ ನಿಂತು ವ್ಯವಸ್ಥೆ ಮಾಡಿದರು. ಮರುವರ್ಷ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ಗೆ ಹೋದ ಸಣ್ಣ ತಂಡದಲ್ಲಿ ನಮ್ಮ ಬೆಳಗಾವಿಯ ಚೌಗುಲೆ ಇದ್ದರು. ಆ ಸಲದ ಮ್ಯಾರಥಾನ್ 42.75 ಕಿಲೋಮೀಟರ್, ಒಲಿಂಪಿಕ್ಸಿನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ಆಗಿಲ್ಲ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದರು. ಚೌಗುಲೆ 2 ತಾಸು 50 ನಿಮಿಷದಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಹಡಗಿನಲ್ಲಿ ವಾರಗಟ್ಟಲೆ ಕುಳಿತು ಹೋಗಿ, ಕಾಣದ ದೇಶದ ರಸ್ತೆಯಲ್ಲಿ ಓಡಿ ಬಂದ ಹತ್ತೊಂಬತ್ತನೆಯ ಸ್ಥಾನ! ಶಾಲೆಯಲ್ಲಿ ಈ ಹೆಸರನ್ನು ನಮಗೆ ಯಾರೂ ಹೇಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ನೋವು. ನಮ್ಮೂರ ಶಾಲೆಯ ಗೋಡೆಗೆ ಆ ಹೆಸರು ಬರೆಸಬೇಕು, ಬಂದಾಗ ಮಾಸ್ತರರ ಹತ್ತಿರ ಮಾತಾಡುತ್ತೇನೆ.

ಇನ್ನು ಓಟದ ದಿನ. ಬೆಳಗಾವಿಯಿಂದ ಖಾನಾಪುರ 26 ಕಿಲೋಮೀಟರ್, ಗೋವಾ ರಸ್ತೆ. ನಸುಕಿನಲ್ಲೇ ಏಳೆಂಟು ಮಂದಿ ಟೆಂಪೋದಲ್ಲಿ ಹೋದೆವು. ಜಾಂಬೋಟಿ ಕಡೆಗೆ ಓಡಿ, ಅರ್ಧಕ್ಕೆ ತಿರುಗಿ ಬರುವುದು. ಆ ರಸ್ತೆ ನಿಮಗೆ ತೋರಿಸಬೇಕು ಅಪ್ಪಾ. ನಮ್ಮ ಎರಿಭೂಮಿಯ ಹಾಗೆ ಕಣ್ಣು ಚಾಚಿದಷ್ಟು ದೂರ ಕಾಣುವುದಿಲ್ಲ. ಕೆಂಪು ಮಣ್ಣು, ಗೋಡಂಬಿ ತೋಟ, ಆಮೇಲೆ ಕಾಡು. ಒಂದು ಏರು ಮುಗಿಯಿತು ಎನ್ನುವಷ್ಟರಲ್ಲಿ ತಿರುವಿನಾಚೆ ಇನ್ನೊಂದು.

ಮೊದಲ ಐದು ಕಿಲೋಮೀಟರ್ ಎಲ್ಲರೂ ನನ್ನನ್ನು ದಾಟಿ ಹೋದರು. ಹೋಗಲಿ ಎಂದು ಬಿಟ್ಟೆ. ಏಳನೆಯ ಕಿಲೋಮೀಟರಿನ ಉದ್ದ ಏರಿಗೆ ಹೆಜ್ಜೆ ಚಿಕ್ಕದು ಮಾಡಿ, ಮೆಲ್ಲಗೆ ಮಗ್ಗಿ ಹೇಳುತ್ತ ಹತ್ತಿದೆ. ಹದಿಮೂರರ ಮಗ್ಗಿ ಮುಗಿಯುವ ಹೊತ್ತಿಗೆ ಏರು ಮುಗಿದಿತ್ತು, ಉಸಿರು ಉಳಿದಿತ್ತು. ನನ್ನನ್ನು ದಾಟಿದ್ದವರಲ್ಲಿ ಹನ್ನೆರಡು ಮಂದಿ ಸೊಂಟಕ್ಕೆ ಕೈಕೊಟ್ಟು ನಡೆಯುತ್ತಿದ್ದರು. ತಿರುವಿನಲ್ಲಿ ಹುಡುಗರು ಉಪ್ಪು ಹಾಕಿದ ನಿಂಬೆ ಶರಬತ್ತು ಕೊಟ್ಟರು. ಪಕ್ಕದಲ್ಲೇ ಒಬ್ಬಾಕೆ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರಲು ಕುಳಿತಿದ್ದಳು. ಒಂದು ಹಿಡಿ ಹಣ್ಣು ನನ್ನ ಕೈಗೆ ಹಾಕಿ, ದುಡ್ಡು ಬೇಡ ಎಂದು ಕೈಯಾಡಿಸಿದಳು.

ತಪ್ಪಿದ್ದು ಬರುವಾಗ. ಏರನ್ನು ಗೆದ್ದ ಖುಷಿಯಲ್ಲಿ ಇಳಿಜಾರಿಗೆ ಕಾಲು ಬಿಟ್ಟುಬಿಟ್ಟೆ. ನಿಮ್ಮ ಮಾತಿನ ಅರ್ಧ ಮಾತ್ರ ಪಾಲಿಸಿದೆ, ಹಗ್ಗದ ಮಾತು ಮರೆತೆ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನೆಲ್ಲ ತಡೆಯಬೇಕು. ಒಳಗೆ ಎಳೆಗಳಿಗೆ ಪೆಟ್ಟು ಬೀಳುವುದು ಆಗಲೇ. ಹದಿನೇಳನೆಯ ಕಿಲೋಮೀಟರಿಗೆ ತೊಡೆ ಕಲ್ಲಾಯಿತು, ಮೀನಖಂಡ ಸೆಟೆದುಕೊಂಡಿತು. ರಸ್ತೆ ಬದಿ ನಿಂತೆ. ಎದುರಿನ ಮನೆಯ ಅಜ್ಜಿ ತಾಮ್ರದ ತಂಬಿಗೆಯಲ್ಲಿ ನೀರು ತಂದು ಮೊದಲು ಕುಡಿಸಿದಳು, ಉಳಿದದ್ದನ್ನು ಕಾಲಿನ ಮೇಲೆ ಸುರುವಿದಳು. ಮೀನಖಂಡವನ್ನು ಎರಡೂ ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ತಿಕ್ಕಿದಳು, ಥೇಟ್ ನಮ್ಮ ಅಮ್ಮಾಯಿ ತಿಕ್ಕುತ್ತಿದ್ದ ಹಾಗೆ. ಆಮೇಲೆ ಬೆನ್ನು ತಟ್ಟಿ, ಮರಾಠಿಯಲ್ಲಿ, "ಪಳ ಬಾಳಾ, ಪಳ" ಎಂದಳು. ಓಡು ಮಗಾ, ಓಡು ಎಂದು. ಕೊನೆಯ ನಾಲ್ಕು ಕಿಲೋಮೀಟರ್ ಒಂದಿಷ್ಟು ನಡೆದು, ಒಂದಿಷ್ಟು ಓಡಿ ಮುಗಿಸಿದೆ. ಆ ಮನೆಗೆ ಮತ್ತೆ ಹೋಗಿ ಬರಬೇಕು.

ನೀವು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು ಒಂದೇ: "ಹೊಳ್ಯಾಗ ನೀರೈತೇನು?" ಓಟ ಮುಗಿದ ಮೇಲೆ ಕುಂಟುತ್ತ ಖಾನಾಪುರದ ಘಾಟಿಗೆ ಇಳಿದೆ. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಅಲ್ಲಿ ಬಂಡೆಗಳ ನಡುವೆ ಕಾಲಿನ ಗಿಣ್ಣು ಮುಳುಗುವಷ್ಟು ಹರಿಯುತ್ತಿದ್ದಳು. ಇದೇ ನೀರು ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಲ್ಲಿ ನಮ್ಮ ಹೊಲದ ಬದುವಿಗೆ ಬರಬೇಕಾದದ್ದು. ಎಷ್ಟು ವರ್ಷ ಕಾಲುವೆಯ ಕಡೆ ನೋಡುತ್ತ ನೀವು ಕಟ್ಟೆಯ ಮೇಲೆ ಕುಳಿತಿದ್ದೀರಿ! ಬೂಟು ಬಿಚ್ಚಿ ಅರ್ಧ ತಾಸು ಆ ನೀರಿನಲ್ಲಿ ನಿಂತೆ. ತಣ್ಣಗಿತ್ತು, ಮೀನಖಂಡದ ಸೆಳೆತ ಇಳಿಯಿತು. ಪಡುವಣದಲ್ಲಿ ಕಣಕುಂಬಿಯ ಕಡೆ ಮೋಡ ಕಪ್ಪಗೆ ಕಟ್ಟಿತ್ತು. ನಿನ್ನೆ ಸಂಜೆ ಆ ಕಡೆ ಮಳೆ ಚೆನ್ನಾಗಿ ಹೊಡೆದಿದೆ ಎಂದು ಬಟ್ಟೆ ಒಗೆಯುತ್ತಿದ್ದವರು ಹೇಳಿದರು. ಮಿರಗದ ಮಳೆ ಕೂಡಲು ಇನ್ನು ಐದೇ ದಿನ.

ಅವ್ವನಿಗೆ ಖಾನಾಪುರದ ಕೆಂಪು ಮಣ್ಣಿನ ಒಂದು ಗಡಿಗೆ ತೆಗೆದುಕೊಂಡಿದ್ದೇನೆ. ಬಾರಿಸಿದರೆ ಕಂಚಿನ ಹಾಗೆ ದನಿ ಕೊಡುತ್ತದೆ. ಮಕ್ಕಳಿಗೆ ಕುಂದಾ. ಬರುವ ರವಿವಾರ ಹುಬ್ಬಳ್ಳಿ ಮೇಲೆ ಬರುತ್ತೇನೆ. ಬೀಜದ ಹೆಸರುಕಾಳು ಆರಿಸುವುದಿದ್ದರೆ ನಾನು ಬರುವವರೆಗೆ ಇಟ್ಟಿರಿ, ಕೂಡಿ ಆರಿಸೋಣ.

ಇಂತಿ ನಿಮ್ಮ ಮಗ,
ಬಸವರಾಜ