ಅರ್ಧ ಸ್ಪ್ರಿಂಗ್

ಒಂಬತ್ತನೇ ತರಗತಿಯ ಅಭ್ಯಾಸ ಪಾಠದಲ್ಲಿ 100 ಗ್ರಾಂ ತೂಕಕ್ಕೆ ಸ್ಪ್ರಿಂಗ್ 4 ಸೆಂ.ಮೀ. ಹಿಗ್ಗಿತು, 200 ಗ್ರಾಂಗೆ 8. ಹುಕ್‌ನ ನಿಯಮವನ್ನು ಎಲ್ಲರೂ ಸರಾಗವಾಗಿ ಒಪ್ಪಿಸಿದರು. ಅದೇ ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿ 100 ಗ್ರಾಂ ತೂಗುಹಾಕಿದರೆ?

'ಜಾಸ್ತಿ ಹಿಗ್ಗತ್ತೆ, ಚಿಕ್ಕದಕ್ಕೆ ಶಕ್ತಿ ಕಡಿಮೆ' ಎಂದಿತು ತರಗತಿ. ಕತ್ತರಿಸಿ ನೋಡಿದೆವು: 2 ಸೆಂ.ಮೀ. ಯಾಕೆ? ಮೌನ. (ಪಾಠಯೋಜನೆಯಲ್ಲಿ ಮೌನಕ್ಕೆಂದು ನಿಮಿಷಗಳನ್ನು ಯಾರೂ ಬರೆಯುವುದಿಲ್ಲ.) ನಾನು ಉತ್ತರ ಹೇಳಲಿಲ್ಲ. ಅದುವರೆಗೂ ಬಾಯಿಬಿಡದ ಹಿಂದಿನ ಬೆಂಚಿನ ಹುಡುಗಿ ಎದ್ದುಬಂದು ಸುತ್ತುಗಳನ್ನು ಎಣಿಸತೊಡಗಿದಳು. 'ಒಂದೊಂದು ಸುತ್ತೂ ಮೊದಲಿನಷ್ಟೇ ಬಿಚ್ಚಿಕೊಂಡಿದೆ ಮೇಡಂ, ಸುತ್ತುಗಳೇ ಅರ್ಧ.'

ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಉಳಿಯಿತೆಂದು ವೀಕ್ಷಕರು ಅಂಕ ಕಳೆದರು. ನನಗಂತೂ ಆ ಎಣಿಕೆಯೇ ಮೌಲ್ಯಮಾಪನ. ಮರುದಿನ ಅವಳೇ ಕೇಳಿದಳು: 'ಅಂಥ ಎರಡು ಇಡೀ ಸ್ಪ್ರಿಂಗ್ ಒಂದರ ಕೆಳಗೊಂದು ಸಿಕ್ಕಿಸಿದರೆ 100 ಗ್ರಾಂಗೇ 8 ಬರಬೇಕಲ್ವಾ?'